ದೊಡ್ಡಮ್ಮನ ರೂಪಾಯಿಗೆ ಮಾರ್ಕ್ಸ್

ತುಮಕೂರಿನ ಒಂದು ಕನ್ನಡಕದಂಗಡಿಯ ಮಹಡಿಯಲ್ಲಿ ಭಾನುವಾರ ಬೆಳಿಗ್ಗೆ ನಾವು ಮೂವರು ಸೇರುತ್ತೇವೆ: ಅಂಗಡಿಯ ಯಜಮಾನರು, ಕುಣಿಗಲ್‌ನಿಂದ ಬಸ್ಸಿನಲ್ಲಿ ಬರುವ ನಿವೃತ್ತ ಲೆಕ್ಚರರ್ ಮತ್ತು ನಾನು. ಮೂವರಿಗೂ ಹಳೆಯ ನಾಣ್ಯಗಳ ಹುಚ್ಚು. ಮೊದಲು ನಾಣ್ಯ ನೋಡುತ್ತಿದ್ದೆವು. ಈಗ ಡಬ್ಬಿ ನೋಡುತ್ತೇವೆ.

ಡಬ್ಬಿ ಎಂದರೆ ಇಷ್ಟೆ. ನಾಣ್ಯವನ್ನು ದುಡ್ಡು ಕಟ್ಟಿ ಒಂದು ಕಂಪನಿಗೆ ಕಳಿಸಬೇಕು. ಅಲ್ಲಿಯವರು ಅದು ಅಸಲಿಯೋ ನಕಲಿಯೋ, ಎಷ್ಟು ಸವೆದಿದೆ ಎಂದು ನೋಡಿ, ಎಪ್ಪತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ ವಾಪಸು ಕಳಿಸುತ್ತಾರೆ. ಅಂಥ ಕಂಪನಿಗಳಲ್ಲಿ ಯಾವುದು ಮೇಲು ಎಂಬುದೇ ನಮ್ಮ ವಾರದ ಜಗಳ. ಯಜಮಾನರದು ವಿದೇಶದ ಕಂಪನಿಯ ಪಕ್ಷ. ಲೆಕ್ಚರರ್ ಸ್ವದೇಶಿ.

"ಅವ್ರು ಭಾರಿ ಸ್ಟ್ರಿಕ್ಟು ಸಾರ್. ಕೂದಲೆಳೆ ಗೀರಿದ್ರೂ ಬಿಡಲ್ಲ," ಎನ್ನುತ್ತಾರೆ ಯಜಮಾನರು.

"ಎಪ್ಪತ್ತಕ್ಕೆ ಹಾಕ್ತಾರಲ್ಲ, ಮಿಕ್ಕಿದ್ ಮೂವತ್ತು ಪ್ರಾಕ್ಟಿಕಲ್ಲೇನ್ರೀ? ನಾನೂ ಪಿಯುಸಿ ಪೇಪರ್ ವ್ಯಾಲ್ಯುಯೇಷನ್ ಮಾಡಿದೋನೇ. ಊಟಕ್ಕೆ ಮುಂಚೆ ಒಂದು ಮಾರ್ಕ್ಸು, ಊಟ ಆದ್ಮೇಲೆ ಇನ್ನೊಂದು. ಅದಕ್ಕೇ ನಮ್ಮೋರೇ ವಾಸಿ, ಕೈ ಧಾರಾಳ."

ಒಮ್ಮೆ ಎರಡೂ ಕಂಪನಿಗಳ ಡಬ್ಬಿಗಳನ್ನು ತಕ್ಕಡಿಯಲ್ಲಿಟ್ಟು ತೂಗಿದರು. ವಿದೇಶದ ಪ್ಲಾಸ್ಟಿಕ್ಕೇ ಹೆಚ್ಚು ತೂಗಿತು. ಒಳಗಿದ್ದ ನಾಣ್ಯಗಳು ಯಾವುವೆಂದು ಆ ದಿನದ ಡೈರಿಯಲ್ಲಿ ನಾನೂ ಬರೆದುಕೊಂಡಿಲ್ಲ.

ಇಂಥ ವಾತಾವರಣದಲ್ಲಿ ನನಗೂ ಆಸೆ ಹುಟ್ಟಿತು. ಗುಬ್ಬಿಯ ನಮ್ಮ ದೊಡ್ಡಮ್ಮನ ಹತ್ತಿರ ಕಿರೀಟದ ರಾಜನ ತಲೆಯಿರುವ ಒಂದು ಬೆಳ್ಳಿ ರೂಪಾಯಿ ಇದೆ. ಮದುವೆಯಾಗಿ ಬಂದ ವರ್ಷ ಅವಳ ಅತ್ತೆ ಕೊಟ್ಟದ್ದು. ವರಮಹಾಲಕ್ಷ್ಮಿ ಹಬ್ಬದ ದಿನ ಅದು ಕಳಶದೊಳಗೆ ಬೀಳದೆ ಪೂಜೆ ಶುರುವಾಗುವುದಿಲ್ಲ. ಯುಗಾದಿಗೆ ಹೋದಾಗ ಕೇಳಿದೆ.

"ಮಾರ್ಕ್ಸ್ ಹಾಕಿಸ್ಕೊಂಡ್ ಬರ್ತೀನಿ ದೊಡ್ಡಮ್ಮ."

"ಅದ್ಯಾವ ಪರೀಕ್ಷೆಗೆ ಕೂತಿತ್ತೇ ಅದು?" ಎಂದಳು. ಆಮೇಲೆ ಸೆರಗಿನ ತುದಿಯಲ್ಲಿ ಹಿಡಿದು ನನ್ನ ಅಂಗೈಗೆ ಹಾಕಿದಳು. "ಹಬ್ಬದೊಳಗೆ ತಂದ್ಕೊಡು. ಇಷ್ಟು ವರ್ಷದಲ್ಲಿ ಒಂದ್ಸಲಾನೂ ತಪ್ಪಿಲ್ಲ."

ಯಜಮಾನರ ಮಾತು ಕೇಳಿ ವಿದೇಶದ ಕಂಪನಿಗೇ ಕಳಿಸಿದೆ. ಅದು ಮರಳಿ ಬರುವ ಹೊತ್ತಿಗೆ ಹಬ್ಬಕ್ಕೆ ಆರೇ ದಿನ ಉಳಿದಿತ್ತು. ಡಬ್ಬಿಯ ಚೀಟಿಯಲ್ಲಿ ಅಂಕವೇ ಇರಲಿಲ್ಲ. ನಾಣ್ಯ ಅಸಲಿ, ಆದರೆ ಉಜ್ಜಿ ತೊಳೆಯಲಾಗಿದೆ ಎಂದಿತ್ತು. ನಮ್ಮ ಹವ್ಯಾಸದಲ್ಲಿ ಇದಕ್ಕಿಂತ ದೊಡ್ಡ ಪಾಪವಿಲ್ಲ. ಉಜ್ಜಿದರೆ ಮೇಲ್ಮೈಯೇ ಹೋಗುತ್ತದೆ, ಮತ್ತೆ ಬರುವುದಿಲ್ಲ. ಮಹಡಿಯಲ್ಲಿ ಯಜಮಾನರು ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡಿ ಕೇಳಿದರು:

"ಯಾರ್ ಮೇಡಂ ತೊಳೆದೋರು?"

"ದೊಡ್ಡಮ್ಮ," ಎಂದೆ, ಒಂದು ಕ್ಷಣವೂ ಯೋಚಿಸದೆ. ಚಿತ್ರ ಕಣ್ಣಿಗೆ ಕಟ್ಟಿದಂತಿತ್ತು: ಹಿತ್ತಲ ಕಲ್ಲು, ಹಬ್ಬದ ಪಾತ್ರೆಗಳು, ಅವಳ ಮುಷ್ಟಿಯಲ್ಲಿ ಹುಣಸೆಹಣ್ಣು, ಅದರಡಿ ರೂಪಾಯಿ. ಅದನ್ನು ಸ್ವಲ್ಪ ನಗುತ್ತಲೇ ವರ್ಣಿಸಿದೆ. ಅವರೂ ಮರುಕದಿಂದ ನಕ್ಕರು. ಯಜಮಾನರು ಪ್ರತಿ ನಾಣ್ಯದ ಪೂರ್ವಾಪರ ಬರೆದಿಡುವ ದಪ್ಪ ರಟ್ಟಿನ ಪುಸ್ತಕ ತೆಗೆದು, ಮುದ್ದಾದ ಅಕ್ಷರದಲ್ಲಿ ಬರೆದರು: 'ಹುಣಸೆಹಣ್ಣು. ದೊಡ್ಡಮ್ಮ.'

"ರೀವ್ಯಾಲ್ಯುಯೇಷನ್‌ಗೆ ಹಾಕಿ ಮೇಡಂ," ಎಂದು ಲೆಕ್ಚರರ್ ಸಮಾಧಾನ ಹೇಳಿದರು. "ನಮ್ಮೋರ್ಗೆ ಕಳ್ಸಿ, ನೋಡೀನೂ ನೋಡ್ದಂಗೆ ನಂಬರ್ ಕೊಡ್ತಾರೆ. ಹಬ್ಬ ಮುಂದಿನ ವರ್ಷಾನೂ ಬರುತ್ತೆ."

ನಾನು ಆ ಮಾತಿಗೆ ಬಿದ್ದೆ ಎಂದು ಒಪ್ಪಿಕೊಳ್ಳಬೇಕು. ಹಬ್ಬದ ಹಿಂದಿನ ದಿನ ಗುಬ್ಬಿಗೆ ಹೋದದ್ದು ರೂಪಾಯಿ ಒಪ್ಪಿಸಲಿಕ್ಕಲ್ಲ, ಇನ್ನೊಂದು ವರ್ಷದ ವಾಯಿದೆ ಕೇಳಲಿಕ್ಕೆ. ದೊಡ್ಡಮ್ಮ ಬಾಯಿ ತೆರೆಯಲು ಬಿಡಲಿಲ್ಲ. ಡಬ್ಬಿ ಕಸಿದುಕೊಂಡು, ತಿರುಗಿಸಿ ನೋಡಿ, ನೇರವಾಗಿ ಕಳಶದ ಬಾಯಿಗೆ ಇಟ್ಟಳು. ಅದು ಒಳಗೆ ಹೋಗಲಿಲ್ಲ. ಓರೆ ಮಾಡಿದಳು. ಆಗಲೂ ಹೋಗಲಿಲ್ಲ.

"ಇದ್ರೊಳಗ್ಯಾಕೆ ಕೂರ್ಸವ್ರೆ? ಅರಿಶಿನ ಎಲ್ಲಿಗೆ ಹಚ್ಲಿ, ಪ್ಲಾಸ್ಟಿಕ್‌ಗಾ? ಎಷ್ಟ್ ಬಂತು ಮಾರ್ಕ್ಸು?"

"ಬರಲಿಲ್ಲ. ನೀನು ಹುಣಸೆಹಣ್ಣು ಹಾಕಿ ಉಜ್ಜಿದೀಯಲ್ಲ, ಫೇಲು."

ದೊಡ್ಡಮ್ಮ ನನ್ನನ್ನೇ ನೋಡಿದಳು. "ಬೆಳ್ಳಿಗೆ ಯಾರಾದ್ರೂ ಹುಣಸೆಹಣ್ಣು ಹಾಕ್ತಾರೇನೇ? ಅದು ತಾಮ್ರಕ್ಕೆ, ಹಿತ್ತಾಳೆಗೆ. ಇದನ್ನ ನೀರಲ್ಲಿ ಅದ್ದಿ ಬಟ್ಟೇಲಿ ಒತ್ತಿ ಇಡ್ತೀನಿ, ಅಷ್ಟೇಯ. ಉಜ್ಜಿದ್ರೆ ಲಕ್ಷ್ಮಿ ಸವೀತಾಳೆ ಅಂತ ನಮ್ಮತ್ತೆ ಬೆರಳು ಆಡ್ಸಕ್ಕೂ ಬಿಡ್ತಿರ್ಲಿಲ್ಲ. ಉಜ್ಜಿದೋಳು ನೀನು. ಎಂಎ ಓದ್ವಾಗ ರಜಕ್ಕೆ ಬಂದು, ಇಸವಿ ಕಾಣಲ್ಲ ಅಂತ ನನ್ ಹಲ್ಲುಪುಡಿ ಅರ್ಧ ಡಬ್ಬಿ ಸುರ್ಕೊಂಡು ತಿಕ್ಕಿದ್ದೆ. ಫಳಫಳ ಅಂತ ತಂದು ತೋರ್ಸಿದ್ದೆ. ಬೈಯೋದ್ಯಾಕೆ, ಓದೋ ಹುಡ್ಗಿ ಅಂತ ಸುಮ್ನಾದೆ."

ನನಗೆ ಏನೂ ನೆನಪಾಗಲಿಲ್ಲ. ಹಿತ್ತಲ ಕಲ್ಲು, ಹುಣಸೆಹಣ್ಣು ಮಾತ್ರ ಈಗಲೂ ಅಷ್ಟೇ ನಿಚ್ಚಳ. ಬಹುಶಃ ಅವಳ ಕೈಯಲ್ಲಿದ್ದದ್ದು ತಾಮ್ರದ ಚೊಂಬು; ರೂಪಾಯಿಯನ್ನು ನಾನೇ ಆಮೇಲೆ ತಂದು ಸೇರಿಸಿರಬೇಕು. ನಮ್ಮ ಹವ್ಯಾಸದ ಮೂಲಸೂತ್ರವನ್ನು ಅವಳ ಅತ್ತೆ ಕಂಪನಿಯ ಹಂಗಿಲ್ಲದೆ ಪಾಲಿಸಿದ್ದಳು. ಅದನ್ನು ಮುರಿಯಲು ಇತಿಹಾಸದಲ್ಲಿ ಎಂಎ ಬೇಕಾಯಿತು.

ವಾಯಿದೆ ಕೇಳಲಿಲ್ಲ. ತೆಂಗಿನಕಾಯಿ ಒಡೆಯುವ ಮಚ್ಚು ತಂದು ನಾನೇ ಡಬ್ಬಿಯ ಅಂಚಿಗೆ ಅದರ ಬೆನ್ನಿನಿಂದ ಹೊಡೆದೆ. ಎರಡು ಏಟು ಜಗ್ಗಲಿಲ್ಲ; ಪ್ಲಾಸ್ಟಿಕ್ಕಿನ ವಿಷಯದಲ್ಲಿ ಯಜಮಾನರ ಮಾತು ನಿಜ. "ಕಾಯಿ ಥರ ಹೊಡೀಬೇಡ, ಮೆತ್ತಗೆ," ಎಂದಳು ದೊಡ್ಡಮ್ಮ. ಮೂರನೆಯದಕ್ಕೆ ಬಿರಿಯಿತು. ಅವಳು ರೂಪಾಯಿಯನ್ನು ನೀರಲ್ಲಿ ಅದ್ದಿ, ಬಟ್ಟೆಯಲ್ಲಿ ಒತ್ತಿ, ಎತ್ತಿಟ್ಟಳು. ಮರುದಿನ ಅದು ಕಳಶದೊಳಗೆ ಬಿದ್ದ ಸದ್ದನ್ನು ಪಕ್ಕದಲ್ಲಿ ನಿಂತು ಕೇಳಿದೆ.

ತುಮಕೂರಿಗೆ ಬಂದು ಎಂಎ ದಿನಗಳ ಡೈರಿ ಹುಡುಕಿದೆ. ಆ ರಜದ ಒಂದು ಪುಟದಲ್ಲಿ ಹೀಗಿತ್ತು: 'ದೊಡ್ಡಮ್ಮನ ರೂಪಾಯಿಯ ಇಸವಿ ಓದಿದೆ. ಈಗ ಚೆನ್ನಾಗಿ ಕಾಣುತ್ತಿದೆ.' ಹಲ್ಲುಪುಡಿಯ ಪ್ರಸ್ತಾಪವಿಲ್ಲ. ಆ 'ಈಗ' ಎಂಬ ಮಾತೊಂದೇ ಸಾಕ್ಷಿ.

ಭಾನುವಾರ ಮಹಡಿಯಲ್ಲಿ ಎಲ್ಲವನ್ನೂ ಹೇಳಿದೆ.

"ಛೆ, ನೀವು ಮಾಡಿರಲ್ಲ ಬಿಡಿ ಮೇಡಂ," ಎಂದರು ಲೆಕ್ಚರರ್. "ಓದಿದೋರು ಹಂಗ್ ಮಾಡ್ತಾರಾ? ಅವ್ರಿಗೆ ವಯಸ್ಸಾಗಿದೆ, ಏನೋ ಕಲಸ್ಕೊಂಡಿರ್ತಾರೆ. ಡಬ್ಬಿ ಒಡೆದ್ರಲ್ಲ, ಒಳ್ಳೇದೇ ಆಯ್ತು, ನಮ್ಮೋರ್ಗೆ ಕಳ್ಸಿ."

ರಟ್ಟಿನ ಪುಸ್ತಕದಲ್ಲಿ ದೊಡ್ಡಮ್ಮನ ಹೆಸರು ಹೊಡೆದುಹಾಕಿ ಎಂದು ಯಜಮಾನರನ್ನು ಕೇಳಿದೆ. ಅವರು ಪುಟದ ಮೇಲೆ ಅಂಗೈ ಅಡ್ಡವಿಟ್ಟರು.

"ಇಡೀ ಪುಸ್ತಕದಲ್ಲಿ ಒಂದ್ ಚಿತ್ತಿಲ್ಲ ಮೇಡಂ. ಪುಟ ಹಾಳಾಗುತ್ತೆ."

ಅವರ ಕೈ ಸರಿಸಿ, ಅವರದೇ ಪೆನ್ನಿನಿಂದ ಎರಡು ಪದಗಳ ಮೇಲೂ ಗೀರು ಹಾಕಿ, ಪಕ್ಕದಲ್ಲಿ ಬರೆದೆ: 'ಹಲ್ಲುಪುಡಿ. ನಾನು.'