ಇಸ್ತ್ರಿ ಗುಮಾಸ್ತನ ಇಂಗ್ಲಿಷು

ತಗಡು ಒತ್ತುವ ಆ ಕಾರ್ಖಾನೆಯಲ್ಲಿ ಅವನನ್ನು ಇಸ್ತ್ರಿ ಗುಮಾಸ್ತ ಎಂದೇ ಕರೆಯುತ್ತಿದ್ದರು. ಅಂಗಿಗೆ ಇಸ್ತ್ರಿ ಇರುತ್ತಿತ್ತೋ ಇಲ್ಲವೋ, ಅವನು ಬರೆಯುವ ಸಭೆಯ ವರದಿಗಂತೂ ತಪ್ಪದೆ ಇರುತ್ತಿತ್ತು. ಮ್ಯಾನೇಜರೂ ಕಾರ್ಮಿಕರೂ ಎದುರುಬದುರು ಕೂತು ಹಾವು ಮುಂಗುಸಿಗಳಂತೆ ಕಚ್ಚಾಡಿದ್ದನ್ನೆಲ್ಲ ಅವನು ಇಂಗ್ಲಿಷಿನಲ್ಲಿ ಟೈಪು ಮಾಡಬೇಕು. ಮೇಜು ಗುದ್ದಿದರೆ ‘ಡಿಫರೆನ್ಸ್ ಆಫ್ ಒಪೀನಿಯನ್’. ಕುರ್ಚಿ ಒದ್ದು ಎದ್ದು ಹೋದರೆ ‘ಡೆಡ್‌ಲಾಕ್’. ಯಾರೂ ಪಟ್ಟು ಬಿಡದಿದ್ದರೆ ‘ಅಗ್ರೀಡ್ ಟು ಡಿಸಗ್ರೀ’. ಈ ಕೊನೆಯದರ ಮೇಲೆ ಅವನಿಗೆ ಬಲು ಮೋಹ, ಮ್ಯಾನೇಜರಿಗೆ ಅದಕ್ಕಿಂತ ಹೆಚ್ಚು. ಯಾಕೆಂದರೆ ಆ ಮಾತು ವರದಿಯಲ್ಲಿ ಬಿತ್ತೆಂದರೆ ಆ ವಿಷಯಕ್ಕೆ ಅಲ್ಲಿಗೆ ಮಂಗಳ. ಮುಂದಿನ ಸಭೆಯಲ್ಲಿ ಅದನ್ನು ಎತ್ತುವ ಹಾಗಿಲ್ಲ, ಅದು ಅಲ್ಲಿನ ರೂಢಿ.

ಹೀಗಿರುವಾಗ ಮೂರನೆಯ ಪ್ರೆಸ್ಸಿನ ಮುಂದೆ ಕೈ ಕಾಯುವ ಜಾಲರಿ ಮುರಿಯಿತು. ಆ ಪ್ರೆಸ್ಸಿನ ಮೇಲೆ ದುಡಿಯುತ್ತಿದ್ದವನು ಗುಮಾಸ್ತನ ಭಾವ, ಅಕ್ಕನ ಗಂಡ. ಇವನನ್ನು ಟೈಪಿಂಗ್ ಶಾಲೆಗೆ ಸೇರಿಸಿ, ಕೈ ಹಿಡಿದು ಕರೆತಂದು ಆ ಕುರ್ಚಿಯಲ್ಲಿ ಕೂರಿಸಿದವನೂ ಅವನೇ. ಹೊಸ ಜಾಲರಿ ಬರುವ ತನಕ ಯಂತ್ರ ನಿಲ್ಲಿಸಿ ಎಂದು ಭಾವ ಸಭೆಯಲ್ಲಿ ಗಂಟಲು ಹರಿದುಕೊಂಡ. ಕೈಯಲ್ಲಿರುವ ಆರ್ಡರು ಮುಗಿಯದೆ ನಿಲ್ಲಿಸುವ ಮಾತೇ ಇಲ್ಲ ಎಂದರು ಮ್ಯಾನೇಜರು.

ಸಭೆ ಮುಗಿದ ಮೇಲೆ ಭಾವ ನೇರ ಗುಮಾಸ್ತನ ಮೇಜಿಗೆ ಬಂದ.

“ಇನ್ನೂ ಇತ್ಯರ್ಥ ಆಗಿಲ್ಲ ಅಂತ ಬರಿ. ಮುಂದಿನ ಸಲ ಮತ್ತೆ ಕೇಳ್ತೀನಿ.”

“ಬರೀತೀನಿ ಭಾವ.”

ಬರೆದನೇ? ಎಲ್ಲಿಯ ಮಾತು! ಅಷ್ಟು ಚೆಂದದ ಪುಟದ ಕೊನೆಗೆ ‘ಇತ್ಯರ್ಥವಾಗಿಲ್ಲ’ ಎಂದು ಬರೆಯಲು ಈ ಮಹಾಶಯನಿಗೆ ಮನಸ್ಸು ಬರಲಿಲ್ಲ. ಜಾಲರಿ ಹೇಗೂ ಹಾಕಿಸಿಯೇ ಹಾಕಿಸುತ್ತಾರೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು, ಎಂದಿನ ‘ಅಗ್ರೀಡ್ ಟು ಡಿಸಗ್ರೀ’ಯನ್ನೇ ಟೈಪು ಮಾಡಿದ. ಮ್ಯಾನೇಜರು ಓದಿ ಬೆನ್ನು ತಟ್ಟಿದರು. ಅವನು ಅಂದು ಹಾಯಾಗಿ ಮನೆಗೆ ಹೋದ.

ಮುಂದಿನ ಸಭೆಯಲ್ಲಿ ಭಾವ ಎದ್ದು ನಿಂತ. ಅದು ಮುಗಿದ ವಿಷಯ, ವರದಿ ನೋಡಿಕೋ ಎಂದು ಮ್ಯಾನೇಜರು ಹಾಳೆ ತಳ್ಳಿದರು. ಭಾವ ಗುಮಾಸ್ತನತ್ತ ನೋಡಿದ. ಗುಮಾಸ್ತ ತಲೆ ತಗ್ಗಿಸಿ ಪೆನ್ಸಿಲ್ ಚೂಪು ಮಾಡುತ್ತ ಕೂತ. ಕೆಲಸ ಬಿಟ್ಟರೆ ಮನೆಯ ಒಲೆ ಉರಿಯುವುದು ಹೇಗೆ? ಭಾವ ಮತ್ತೆ ಅದೇ ಪ್ರೆಸ್ಸಿನ ಮುಂದೆ ನಿಂತ. ಆ ವಾರವೇ ಅದು ಅವನ ಬಲಗೈಯನ್ನು ಮಣಿಕಟ್ಟಿನ ತನಕ ನುಂಗಿಬಿಟ್ಟಿತು.

ಗುಮಾಸ್ತ ಆಸ್ಪತ್ರೆಗೆ ಓಡಿದ. ಮಂಚದ ಪಕ್ಕ ನಿಂತು ಗಳಗಳನೆ ಅತ್ತ. ಮ್ಯಾನೇಜರು ಕಟುಕ, ಅವನ ವಂಶ ಹಾಳಾಗಲಿ ಎಂದು ಬಾಯಿಗೆ ಬಂದಂತೆ ಶಪಿಸಿದ.

“ನಿಲ್ಲಿಸಲ್ಲ ಅಂತ ಅವರು ನನ್ನ ಮುಖಕ್ಕೇ ಹೇಳಿದ್ರು,” ಎಂದ ಭಾವ. “ಬರೀತೀನಿ ಅಂದಿದ್ದು ನೀನು.”

ಅಕ್ಕ ತುತ್ತು ಕಲಸಿ ಗಂಡನ ಬಾಯಿಗೆ ಇಡುತ್ತಿದ್ದಳು. ತಮ್ಮನಿಗೆ ಕೂತ್ಕೋ ಅನ್ನಲಿಲ್ಲ.