ಕೆರೆ ಕಡೆಯ ಸೊನ್ನೆಗಳು

ಸರಾಸರಿ ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ರೇಡಿಯೋದವರು ಸರಾಸರಿ ಮಳೆ ಎಂದರೂ ಅಷ್ಟೆ, ಪಕ್ಕದ ಮನೆಯಾಕೆ ತನ್ನ ಮಗ ಓದಿನಲ್ಲಿ ಸರಾಸರಿ ಎಂದರೂ ಅಷ್ಟೆ. ಮನೆಯವರು ನಗುತ್ತಾರೆ. ನಗಲಿ, ಅವರ ಗಂಟೇನು ಹೋಗಬೇಕು.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಶ್ರೀನಿವಾಸಪುರದ ಪಕ್ಕದ ನಮ್ಮ ಹಳ್ಳಿಯಿಂದ ದಿನಾ ಬಸ್ಸು ಹತ್ತಿ ಕೋಲಾರಕ್ಕೆ ಹೋಗಿ ನಾನು ಬಿ.ಕಾಂ. ಓದುತ್ತಿದ್ದೆ. ತರಗತಿಯಲ್ಲಿ ನಾವು ಹುಡುಗಿಯರು ಒಂದು ಬೆಂಚಿಗಾಗುವಷ್ಟು ಜನ. ಸಂಖ್ಯಾಶಾಸ್ತ್ರ ಅಂದರೆ ಎಲ್ಲರಿಗೂ ಜ್ವರ. ಪುಸ್ತಕ ಇಂಗ್ಲಿಷಿನದು, ಲೆಕ್ಕ ಅದಕ್ಕಿಂತ ಕಷ್ಟದ್ದು. ಆ ವರ್ಷ ಹೊಸದಾಗಿ ಬಂದ ಮೇಷ್ಟ್ರು ಅಂಗಿಯ ತೋಳು ಮಡಚಿಕೊಂಡು ಬೋರ್ಡಿನ ಮುಂದೆ ನಿಂತು ಮೊದಲ ದಿನವೇ ಕೇಳಿದರು:

"ನಿಮ್ಮೂರ ಬಸ್ಸು ಯಾವಾಗ್ಲೂ ಲೇಟು ಅಂತೀರಲ್ಲ, ಯಾರಾದ್ರೂ ಬರೆದಿಟ್ಟಿದ್ದೀರಾ?"

ಯಾರೂ ಬರೆದಿಟ್ಟಿರಲಿಲ್ಲ.

"ಹಾಗಾದ್ರೆ ಅದು ಬರೀ ಗೊಣಗಾಟ. ನಾಲ್ಕು ಜನ ಅಂದ್ರು ಅಂತ ನಂಬಬೇಡಿ. ನಾನು ಅಂದೆ ಅಂತಲೂ ನಂಬಬೇಡಿ. ಎಣಿಸಿ ನೋಡಿ."

ದೊಡ್ಡವರು ಹೇಳಿದ್ದನ್ನು ನಂಬಬೇಡ ಎಂದು ನನಗೆ ಅಲ್ಲಿಯತನಕ ಯಾರೂ ಹೇಳಿರಲಿಲ್ಲ. ನಮ್ಮ ಮನೆಯಲ್ಲಂತೂ ದೊಡ್ಡವರು ಸೂರ್ಯ ಬಡಗಣದಲ್ಲಿ ಹುಟ್ಟುತ್ತಾನೆ ಎಂದರೆ ಹೌದು ಎನ್ನಬೇಕಿತ್ತು. ಅವತ್ತಿನಿಂದ ನಾನು ಆ ಮೇಷ್ಟ್ರ ಪರಮ ಭಕ್ತೆಯಾದೆ. ಕಂಡದ್ದನ್ನೆಲ್ಲ ಎಣಿಸತೊಡಗಿದೆ. ಅಜ್ಜಿ ಕಟ್ಟಿದ ರಾಗಿಮುದ್ದೆಗಳು ಒಂದು ದಪ್ಪ, ಒಂದು ಸಣ್ಣ ಇದ್ದದ್ದನ್ನು ನೋಡಿ, "ಅಜ್ಜೀ, ನಿನ್ನ ಮುದ್ದೇಲಿ ವಿಚಲನೆ ಜಾಸ್ತಿ" ಎಂದು ಬೈಸಿಕೊಂಡೆ.

ಶಿವರಾತ್ರಿ ಹೊತ್ತಿಗೆ ಮೇಷ್ಟ್ರು ಕಾಲೇಜಿನಲ್ಲಿ ವಸ್ತುಪ್ರದರ್ಶನ ಮಾಡುವುದೆಂದು ಹೇಳಿದರು. ಒಬ್ಬೊಬ್ಬರೂ ತಮ್ಮೂರಿನದೇ ಏನಾದರೂ ಎಣಿಸಿ ತಂದು ನಕ್ಷೆ ಬರೆಯಬೇಕು. ಬೆಂಗಳೂರಿನಿಂದ ದೊಡ್ಡ ಪ್ರೊಫೆಸರು ನೋಡಲು ಬರುತ್ತಾರೆ. ಮಾಲೂರಿನ ಹುಡುಗನೊಬ್ಬ ರೈಲಿಳಿಯುವವರನ್ನು ಎಣಿಸುತ್ತೇನೆಂದ. ನಾನು ನಮ್ಮ ಮಾವಿನ ತೋಪಿನ ಕಾಯಿ ಎಣಿಸುತ್ತೇನೆ ಎಂದುಬಿಟ್ಟೆ. ಮೇಷ್ಟ್ರಿಗೆ ಬಹಳ ಸಂತೋಷವಾಯಿತು.

ಮನೆಗೆ ಬಂದು ಹೇಳಿದಾಗ ಅಜ್ಜಿ ಮೊರ ಕೆಳಗಿಟ್ಟಳು. ಸಿಟ್ಟು ಬಂದರೆ ಅವಳ ಬಾಯಲ್ಲಿ ಮೊದಲು ತೆಲುಗೇ ಬರುತ್ತಿದ್ದದ್ದು.

"ಲೆಕ್ಕಪೆಟ್ಟೊದ್ದೇ ತಲ್ಲೀ! ಮರದ ಮೇಲಿರೋ ಕಾಯಿನ ಎಣಿಸಬಾರ್ದು ಕಣೇ. ದೃಷ್ಟಿ ಆಗಿ ಉದುರ್ತಾವೆ."

ನಮ್ಮ ಕಡೆ ಇದು ಅವಳೊಬ್ಬಳ ಮಾತಲ್ಲ. ತೋಪು ನೋಡಲು ಬಂದ ವ್ಯಾಪಾರಿ ಕೂಡ ಕಣ್ಣಲ್ಲೇ ಅಂದಾಜು ಮಾಡುತ್ತಿದ್ದನೇ ಹೊರತು ಬೆರಳು ಎತ್ತಿ ಎಣಿಸುತ್ತಿರಲಿಲ್ಲ. ಕಾಯಿಗೆ ಬೆರಳು ತೋರಿಸಿದರೆ ಬೆರಳು ಕಚ್ಚಿಕೊಳ್ಳಬೇಕು. ನಾನು ಊಟ ಬಿಟ್ಟು ಮುನಿಸಿಕೊಂಡು ಕೂತೆ. ಕೊನೆಗೆ ನನ್ನ ಪರವಾಗಿ ನಿಂತವನು ಅಪ್ಪ.

"ಓದೋ ಹುಡುಗಿ ಕೇಳ್ತಾವ್ಳೆ, ಎಣಿಸ್ಲಿ ಬಿಡಮ್ಮ. ಆಮೇಲೆ ನೀನು ಮೆಣಸಿನಕಾಯಿ ನಿವಾಳಿಸಿ ಹಾಕು."

ಅಪ್ಪ ತನ್ನ ತಾಯಿಗೆ ಎದುರು ಮಾತಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು. ಅದು ನನಗೋಸ್ಕರ ಎಂಬ ಹೆಮ್ಮೆಯಲ್ಲಿ ನನಗೆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.

ಎಲ್ಲ ಮರ ಎಣಿಸುವುದು ಆಗದ ಮಾತು. ಮೇಷ್ಟ್ರು ಹೇಳಿಕೊಟ್ಟಂತೆ ಪ್ರತಿ ಮರಕ್ಕೂ ಸುಣ್ಣದಲ್ಲಿ ನಂಬರು ಬರೆದು, ಅದೇ ನಂಬರುಗಳ ಚೀಟಿ ಮಾಡಿ ಮಡಕೆಗೆ ಹಾಕಿದೆ. ಚೀಟಿ ಎತ್ತಿದ್ದು ಅಪ್ಪ. "ಕಣ್ಣು ಮುಚ್ಚಬೇಕಪ್ಪ, ಕಳ್ಳಾಟ ಆಡಬಾರದು" ಎಂದೆ. ಅವನು ಟವೆಲ್ಲು ಕಣ್ಣಿಗೆ ಕಟ್ಟಿಕೊಂಡು, ಮಗುವಿನ ಹಾಗೆ ನಗುತ್ತಾ, ಮಡಕೆಗೆ ಕೈ ಹಾಕಿದ. ಬಂದ ನಂಬರಿನ ಮರದ ಕೆಳಗೆ ನಿಂತು ಕೊಂಬೆಕೊಂಬೆಯ ಹೀಚು ಎಣಿಸಿ ಅವನು ಕೂಗುವುದು, ನಾನು ಗೀಟು ಹಾಕುವುದು. ನಾಲ್ಕು ಗೀಟು, ಮೇಲೊಂದು ಅಡ್ಡಗೀಟು.

ನಮ್ಮದು ಪೂರಾ ಬಾದಾಮಿ ಜಾತಿಯ ಮಾವಿನ ಮರಗಳು. ಬಾದಾಮಿ ಒಂದು ವರ್ಷ ಕಾಯಿ ಬಿಟ್ಟರೆ ಮರುವರ್ಷ ಸುಮ್ಮನಿರುತ್ತದೆ. ಅದರಲ್ಲೂ ನಮ್ಮ ತೋಪಿನದು ಒಂದು ವಿಚಿತ್ರ. ರಸ್ತೆ ಕಡೆಯ ಅರ್ಧ ಒಂದು ವರ್ಷ ಕಾಯಿ ಬಿಟ್ಟರೆ ಕೆರೆ ಕಡೆಯ ಅರ್ಧ ಮರುವರ್ಷ ಬಿಡುತ್ತಿತ್ತು. ಆ ಸಲ ರಸ್ತೆ ಕಡೆ ಕೊಂಬೆ ಬಾಗುವಷ್ಟು ಕಾಯಿ. ಕೆರೆ ಕಡೆ ಬರೀ ಎಲೆ. ಅಪ್ಪ ಚೀಟಿಯಲ್ಲಿ ಬಂದ ಕೆರೆ ಕಡೆಯ ಒಂದೊಂದು ಮರದ ಕೆಳಗೂ ನಿಂತು, "ಈ ಯಮ್ಮ ಈ ವರ್ಷ ರಜಾ ಹಾಕವ್ಳೆ, ಸೊನ್ನೆ ಬರ್ಕೊ" ಎನ್ನುತ್ತಿದ್ದ. ನಾನು ನಕ್ಕು ನಕ್ಕು ಸೊನ್ನೆ ಬರೆದೆ.

ಅದಾದ ವಾರದಲ್ಲೇ ಗಾಳಿ ಎದ್ದು ಹೀಚು ಉದುರಿತು. ಅಜ್ಜಿ ಉದುರಿದ್ದನ್ನು ಮಡಿಲು ತುಂಬ ತಂದು ನನ್ನ ಮುಂದೆ ಸುರಿದಳು. "ನೋಡೇ, ನಿನ್ನ ಲೆಕ್ಕ." ಅಪ್ಪ ಆಗಲೂ ಬಿಟ್ಟುಕೊಡಲಿಲ್ಲ. "ಗಾಳಿಗೆ ಬಿದ್ದಿದ್ದಮ್ಮ. ಅವಳ ಲೆಕ್ಕ ಸರಿಯಾಗೈತೆ, ನಾನೇ ಜೊತೇಲಿದ್ದೆ" ಎಂದ.

ಅಡ್ಡಕ್ಕೆ ಕಾಯಿಯ ಲೆಕ್ಕ, ಉದ್ದಕ್ಕೆ ಅಷ್ಟು ಕಾಯಿಯ ಮರಗಳೆಷ್ಟು ಎಂದು ಗ್ರಾಫ್ ಹಾಳೆಯ ಮೇಲೆ ನನ್ನ ನಕ್ಷೆ ಬರೆದಾಗ ಎರಡು ದಿಬ್ಬ ಬಂದವು. ಒಂದು ಸೊನ್ನೆಯ ಹತ್ತಿರ, ಇನ್ನೊಂದು ದೂರದಲ್ಲಿ. ನಡುವೆ ಖಾಲಿ ಹಳ್ಳ. ಸರಾಸರಿ ತೆಗೆದರೆ ಅದು ಸರಿಯಾಗಿ ಹಳ್ಳದೊಳಕ್ಕೆ ಹೋಗಿ ಬಿತ್ತು. ಅಷ್ಟು ಕಾಯಿಯ ಮರ ನಮ್ಮ ತೋಪಿನಲ್ಲಿ ಒಂದೂ ಇರಲಿಲ್ಲ. ಇದನ್ನು ನಾನೇ ಕಂಡುಹಿಡಿದೆನೆಂಬ ಸಂಭ್ರಮದಲ್ಲಿ ಓಡಿಹೋಗಿ ಮೇಷ್ಟ್ರಿಗೆ ಕೊಟ್ಟೆ. ಅವರು ಹಾಳೆಯನ್ನು ಅತ್ತ ಇತ್ತ ತಿರುಗಿಸಿ, "ಸರಿ, ಇಟ್ಟುಹೋಗಿ, ನೋಡ್ತೀನಿ" ಎಂದರು.

ಪ್ರದರ್ಶನದ ದಿನ ಅಪ್ಪನನ್ನೂ ಕರೆದುಕೊಂಡು ಹೋದೆ. ಒಗೆದ ಪಂಚೆ, ಹೆಗಲ ಮೇಲೆ ಹೊಸ ಟವೆಲ್ಲು. ಕಾಲೇಜಿನ ಸಭಾಂಗಣದ ನಡುಗೋಡೆಗೇ ನಮ್ಮ ತೋಪಿನ ನಕ್ಷೆ ನೇತುಹಾಕಿದ್ದರು. ದೊಡ್ಡ ಡ್ರಾಯಿಂಗ್ ಹಾಳೆ, ಬಣ್ಣದ ಇಂಕು. ಆದರೆ ಅದು ನನ್ನದಾಗಿರಲಿಲ್ಲ. ಎರಡು ದಿಬ್ಬ ಹೋಗಿ ಒಂದೇ ದಿಬ್ಬ, ದೇವಸ್ಥಾನದ ಗಂಟೆ ಬೋರಲು ಇಟ್ಟಂತೆ ನುಣ್ಣಗೆ ಕೂತಿತ್ತು. ಪುಸ್ತಕದಲ್ಲಿರುವ ಚಿತ್ರವೇ ಸೈ. ಕೆರೆ ಕಡೆಯ ಮರಗಳಿಗೆಲ್ಲ ಎಲ್ಲಿಂದಲೋ ಕಾಯಿ ಬಂದಿತ್ತು. ಕೆಳಗೆ, ಅಂಕಿ ಸಂಗ್ರಹಿಸಿದವರು ಎಂದು ನನ್ನ ಹೆಸರು.

"ಸಾರ್, ಇದು ನಾನು ಎಣಿಸಿದ್ದಲ್ಲ" ಎಂದೆ. ಬೆಂಗಳೂರಿನ ಪ್ರೊಫೆಸರು ತಿರುಗಿ ನೋಡಿದರು. ಮೇಷ್ಟ್ರ ಮುಖ ಒಂದು ಗಳಿಗೆ ಕೆಂಪಾಯಿತು. ಆಮೇಲೆ ನಕ್ಕರು.

"ಹುಡುಗಿ ಎಣಿಸೋವಾಗ ತಪ್ಪು ಮಾಡಿದ್ಲು ಸಾರ್. ಸುಮಾರು ಮರಕ್ಕೆ ಸೊನ್ನೆ ಹಾಕ್ಕೊಂಡು ಬಂದಿದ್ಲು. ಒಂದೇ ತೋಪು, ಒಂದೇ ಜಾತಿ, ಹಾಗೆ ಇರೋಕೆ ಸಾಧ್ಯವೇ? ನಾನು ಸ್ವಲ್ಪ ತಿದ್ದಿದೆ."

ನಾನು ಅಂದೆ ಅಂತಲೂ ನಂಬಬೇಡಿ ಎಂದಿದ್ದವರು! ನನಗೆ ಅಳು ಬರಲಿಲ್ಲ, ಯಾಕೆಂದರೆ ನನ್ನ ಹತ್ತಿರ ಸಾಕ್ಷಿ ಇತ್ತು. ನಾನು ಅಪ್ಪನ ಕಡೆ ತಿರುಗಿದೆ. "ಹೇಳಪ್ಪ" ಎಂದೆ.

ಅಪ್ಪ ನಕ್ಷೆ ನೋಡಿದ, ಪ್ರೊಫೆಸರ ಕೋಟು ನೋಡಿದ, ಮೇಷ್ಟ್ರನ್ನು ನೋಡಿದ. ಹೆಗಲ ಟವೆಲ್ಲು ಕೈಗೆ ಬಂತು.

"ಹೌದು ಸಾಮಿ, ಹುಡುಗಿ ಎಡವಿರ್ಬೇಕು. ನೀವು ತಿಳಿದೋರು" ಎಂದ.

ಟವೆಲ್ಲು ಕಣ್ಣಿಗೆ ಕಟ್ಟಿಕೊಂಡು ಚೀಟಿ ಎತ್ತಿದವನು! ರಜಾ ಹಾಕವ್ಳೆ ಎಂದು ನಗಿಸಿ ಸೊನ್ನೆ ಬರೆಸಿದವನು! ಮೇಷ್ಟ್ರು ಮಾಡಿದ್ದು ಮೋಸ, ಅದನ್ನು ಬೈದು ಮರೆಯಬಹುದಿತ್ತು. ಅಪ್ಪ ಮಾಡಿದ್ದಕ್ಕೆ ಏನು ಹೆಸರಿಡುವುದೆಂದು ನನಗೆ ತಿಳಿಯಲಿಲ್ಲ.

ಬಸ್ಸಿನಲ್ಲಿ ಅವನು ಕಡಲೆಕಾಯಿ ಪೊಟ್ಟಣ ಮುಂದೆ ಹಿಡಿದ. ನಾನು ಕಿಟಕಿಯ ಕಡೆ ತಿರುಗಿಕೊಂಡೆ. "ದೊಡ್ಡೋರ ಮುಂದೆ ನಾನೇನಂತ ಹೇಳ್ಲಮ್ಮ. ನಿಂಗೆ ಮಾರ್ಕ್ಸು ಹಾಕೋರು ಅವ್ರೇ ಅಲ್ವಾ" ಎಂದ. ಮನೆಗೆ ಬಂದಾಗ ಅಜ್ಜಿ ಏನಾಯಿತೆಂದು ಕೇಳಿದಳು. "ಬಲೇ ಚೆನ್ನಾಗಿತ್ತು, ನಮ್ಮ ತೋಪನ್ನೇ ಮಧ್ಯೆ ಹಾಕಿದ್ರು" ಎಂದು ಅಪ್ಪ ಹೇಳಿ ಕಾಲು ತೊಳೆಯಲು ಹೋದ.

ಮಾರ್ಕ್ಸು ಚೆನ್ನಾಗಿಯೇ ಬಂತು. ಆ ವಿಷಯ ನಮ್ಮಿಬ್ಬರ ನಡುವೆ ಮತ್ತೆ ಏಳಲಿಲ್ಲ.

ಮರುವರ್ಷ ಹೂವಿನ ಕಾಲಕ್ಕೆ ತೋಪಿನ ಫಸಲನ್ನು ಗುತ್ತಿಗೆ ಹಿಡಿಯುವ ವ್ಯಾಪಾರಿ ಬಂದ. ಗೌನಿಪಲ್ಲಿ ಕಡೆಯ ಹೊಸಬ, ನಮ್ಮ ತೋಪು ಅವನಿಗೆ ಹೊಸದು. ಕೆರೆ ಕಡೆಯ ಮರಗಳ ತುಂಬ ಹೂವು ನೋಡಿ ಅನುಮಾನಪಟ್ಟ. "ಹೂವೇನೋ ಐತೆ, ಕಾಯಿ ನಿಲ್ತದಾ? ಹೋದ್ ವರ್ಷ ಕಾಯಿ ಬಿಟ್ಟಿದ್ದ ಮರ ಆದ್ರೆ ನಿಲ್ಲಲ್ಲ" ಎಂದ. ನಾನು ಅವರಿಗೆ ಮಜ್ಜಿಗೆ ತಂದು ಕೊಡುತ್ತಿದ್ದೆ.

ಅಪ್ಪನಿಗೆ ಮಾತಿನ ಉಮೇದು ಬಂದಿತ್ತು. "ಅಯ್ಯೋ, ಹೋದ್ ವರ್ಷ ಈ ಕಡೆ ಬರೀ ಎಲೆ ಅಣ್ಣ. ಮೂಸಿ ನೋಡೋಕೆ ಒಂದು ಕಾಯಿ ಇರ್ಲಿಲ್ಲ. ಪೂರಾ ಸುಧಾರಿಸ್ಕೊಂಡಿರೋ ಮರಗಳು. ಬೇಕಾದ್ರೆ ನಮ್ಮ ಹುಡುಗೀನೇ ಕೇಳು, ಕಾಲೇಜಲ್ಲಿ ಓದ್ತಾಳೆ. ಒಂದೊಂದು ಮರಾನೂ ಎಣಿಸಿದ್ದಾಳೆ. ಹೇಳಮ್ಮ, ಎಷ್ಟಿತ್ತು?"

ವ್ಯಾಪಾರಿ ಮಜ್ಜಿಗೆ ಲೋಟ ಹಿಡಿದುಕೊಂಡು ನನ್ನ ಮುಖ ನೋಡಿದ. ಅಪ್ಪ ನಗುತ್ತಾ ಕಾಯುತ್ತಿದ್ದ. ಮಡಕೆಗೆ ಕೈ ಹಾಕುವಾಗ ನಕ್ಕಿದ್ದ ಅದೇ ನಗು.

"ನನಗೆ ಗೊತ್ತಿಲ್ಲಪ್ಪ. ನಾನು ಎಡವಿರ್ಬೇಕು" ಎಂದೆ.

ಅಪ್ಪನ ನಗು ಹಾಗೇ ನಿಂತುಹೋಯಿತು. ನಾನು ಖಾಲಿ ಲೋಟ ತೆಗೆದುಕೊಂಡು ಒಳಗೆ ಹೋದೆ.