ಉಡಿಗೆ ಹಾಕಿದ ಮಗ

ಕೆನಡಾದ ವೀಸಾ ಕಚೇರಿಯವರು ಅವ್ವನ ಎಂಜಲು ಕೇಳಿದರು. ಗಲ್ಲದ ಒಳಬದಿಗೆ ಹತ್ತಿಯ ಕಡ್ಡಿ ಒರೆಸಿ ಡಿಎನ್ಎ ಪರೀಕ್ಷೆ ಮಾಡಿಸಬೇಕು, ಅವಳು ಹೆತ್ತ ತಾಯಿಯೆಂದು ಸಾಬೀತಾದರೆ ಮಾತ್ರ ಅವಳನ್ನು ನನ್ನ ಬಳಿಗೆ ಕರೆಸಿಕೊಳ್ಳುವ ಅರ್ಜಿ ಮುಂದಕ್ಕೆ. ಆ ಪತ್ರ ಓದಿ ಮೈಯೆಲ್ಲ ಉರಿಯಿತು. ಉರಿಗಿಂತ ಹೆಚ್ಚು ಹೆದರಿಕೆಯಾಯಿತು, ಯಾಕೆಂದರೆ ಅವ್ವ ನನ್ನನ್ನು ಹೆತ್ತವಳಲ್ಲ.

ಅವ್ವನಿಗೆ ಮಕ್ಕಳಾಗಲಿಲ್ಲ. ಮಸ್ಕಿಯಲ್ಲಿದ್ದ ಅವಳ ತಂಗಿಗೆ ಮೂರನೆಯವನಾಗಿ ನಾನು ಹುಟ್ಟಿದೆ. ಓಣಿಯ ಹೆಂಗಸರನ್ನು ಕರೆದು, ಅಕ್ಕಿ, ಕೊಬ್ಬರಿ ಬಟ್ಟಲಿನ ಜೊತೆ ನನ್ನನ್ನೂ ಅಕ್ಕನ ಉಡಿಗೆ ಹಾಕಿದಳಂತೆ. ನಮ್ಮ ಕಡೆ ಅಷ್ಟಾದರೆ ಮುಗಿಯಿತು. ಮೇಲೆ ಕಾಗದಪತ್ರ ಕೇಳುವುದೆಂದರೆ ಒಡಹುಟ್ಟಿದವಳನ್ನು ಅನುಮಾನಿಸಿದ ಹಾಗೆ. ಅಪ್ಪ ಲಿಂಗಸುಗೂರಿನ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅಲ್ಲಿನ ಶಾಲೆಯಲ್ಲಿ ತಾಯಿಯೆಂದು ಅವ್ವನ ಹೆಸರನ್ನೇ ಬರೆಸಿದ. ಹೆತ್ತವಳನ್ನು ನಾನು ಸಣ್ಣವ್ವ ಅನ್ನುತ್ತ ಬೆಳೆದೆ. ವೀಸಾ ಅರ್ಜಿ ತುಂಬುವಾಗಲೂ ಸುಳ್ಳು ಬರೆಯುತ್ತಿದ್ದೇನೆ ಅಂತ ಒಂದು ಕ್ಷಣವೂ ಅನ್ನಿಸಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಅವ್ವ ಸಿಂಧನೂರಿನಲ್ಲಿ ಬಾಡಿಗೆ ಕೋಣೆ ಹಿಡಿದು ಅಂಗನವಾಡಿಯಲ್ಲಿ ಅಡುಗೆ ಮಾಡುತ್ತಿದ್ದಳು. ಈಗ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿದೆ. ಕಾದ ಹಂಚನ್ನು ಬರಿಗೈಯಲ್ಲಿ ಹಿಡಿದು ಅಂಗೈ ಬೊಬ್ಬೆ ಎದ್ದದ್ದನ್ನು ವಿಡಿಯೋ ಕಾಲ್‌ನಲ್ಲಿ ನೋಡಿದ ವಾರವೇ ನಾನು ಅರ್ಜಿ ಹಾಕಿದ್ದು. ಇಲ್ಲಿ ಕೆನಡಾದಲ್ಲಿ ನಾನು ಸಿಟಿ ಬಸ್ ಓಡಿಸುತ್ತೇನೆ. ಯಾರ್ಯಾರದೋ ಮುದುಕಿಯರನ್ನು ಕೈಹಿಡಿದು ಇಳಿಸುತ್ತೇನೆ. ಅವ್ವನನ್ನು ರಸ್ತೆ ದಾಟಿಸಲು ಅಲ್ಲಿ ಯಾರೂ ಇಲ್ಲ.

ಅರ್ಜಿ ನೋಡಿಕೊಳ್ಳುತ್ತಿದ್ದ ವಕೀಲ ಕೈಯೆತ್ತಿಬಿಟ್ಟ. ಹೆತ್ತವಳನ್ನಾದರೆ ಕರೆಸಬಹುದು, ದತ್ತು ಪತ್ರವಿಲ್ಲದೆ ಸಾಕಿದವಳಿಗೆ ದಾರಿಯಿಲ್ಲ ಅಂದ. ಏನಾದರೂ ಕಾಗದ ಇದ್ದೀತೇ ಎಂದು ಸಣ್ಣವ್ವನಿಗೆ ಫೋನ್ ಮಾಡಿದೆ.

"ಎಂಥಾ ಕಾಗದಪಾ? ಅಕ್ಕನ ಉಡಿಗೆ ಹಾಕಿದಮ್ಯಾಲ ನೀ ನನ್ನ ಮಗ ಅಲ್ಲ. ಯಾವ ಸಾಹೇಬ ಬಂದು ಕೇಳಿದ್ರೂ ಹಂಗ ಹೇಳತೀನಿ," ಅಂದಳು. ಅದರಿಂದ ನನಗೆ ಉಪಕಾರವಾಗುತ್ತದೆ ಅಂದುಕೊಂಡಿದ್ದಳು, ಪಾಪ.

ಉಳಿದದ್ದು ಅವ್ವ. ಪರೀಕ್ಷೆಯ ಸುದ್ದಿ ಕೇಳಿ ಅವಳು ನಕ್ಕಳು.

"ಎಂಜಲ ಕೇಳ್ಯಾರ? ಕೊಡತೀನಿ ತಗೋ. ನಿನಗ ಹಲ್ಲ ಬರೋಕಿಂತ ಮದಲ ರೊಟ್ಟಿ ಅಗದು ಬಾಯಾಗ ಇಟ್ಟೀನಿ. ನನ್ನ ಎಂಜಲ ತಿಂದ ಬೆಳದಿ. ಹೊಂದದ ಎಲ್ಲಿಗೆ ಹೋಗತೈತಿ?"

"ಹೊಂದಂಗಿಲ್ಲ ಬೇ," ಅಂದೆ. ಯಾಕೆಂದು ಬಿಡಿಸಿ ಹೇಳಬೇಕಾಯಿತು. ಹುಟ್ಟಿದಾಗಿನಿಂದ ನಮ್ಮ ಮನೆಯಲ್ಲಿ ಯಾರೂ ಗಟ್ಟಿಯಾಗಿ ಆಡದ ಮಾತನ್ನು ನಾನೇ, ಅದೂ ಫೋನಿನಲ್ಲಿ, ಅವಳಿಗೆ ಹೇಳಿದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಫೋನಿನಲ್ಲಿ ಅವಳ ಓಣಿಯ ತರಕಾರಿ ಮಾರುವವನ ಕೂಗಷ್ಟೇ ಕೇಳುತ್ತಿತ್ತು. ಅವ್ವ ಕಣ್ಣಿನ ಚಿಂತೆ ಮಾಡುತ್ತಿದ್ದಾಳೆ, ಇಲ್ಲಿಗೆ ಬರಲಾಗಲಿಲ್ಲವಲ್ಲ ಎಂದು ಅಳುತ್ತಿದ್ದಾಳೆ ಅಂದುಕೊಂಡೆ.

"ಅಲ್ಲಿಗೆ ಬರೋದು ಆಗಲಿಲ್ಲಂದ್ರ ಬಿಡು," ಅಂದಳು ಕೊನೆಗೆ. ದನಿ ತೀರಾ ಸಣ್ಣದಾಗಿತ್ತು. "ಸರಕಾರದವ್ರು ಹಂಗ ಹೇಳ್ಯಾರಂತ ನೀ ಫೋನ್ ಮಾಡೋದು ಬಿಡಬ್ಯಾಡಪಾ."